ಸೋಗಿನ ಖಾತೆಗಳ ಜಾಡು

ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡುವ ಸುಳ್ಳುಗಳಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಮಾತು ಸುಳ್ಳು, ಹೇಳುವವನು ಅಸಲಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕೆಲವರನ್ನು ಮಕ್ಕಳ ಕಳ್ಳರೆಂದು ಬಿಂಬಿಸುವ ವಿಡಿಯೊ ವಾಟ್ಸಾಪ್‌ನಲ್ಲಿ ಹಬ್ಬಿತು. ಮುರ್ಕಿ ಗ್ರಾಮದಲ್ಲಿ ಅವರ ಕಾರನ್ನು ತಡೆದ ಗುಂಪು ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಆ ವಿಡಿಯೊವನ್ನು ಕೈಯಿಂದ ಕೈಗೆ ದಾಟಿಸಿದವರು ಸುತ್ತಮುತ್ತಲ ಊರುಗಳ ಜನ. ತಮ್ಮದೇ ಹೆಸರಿನಲ್ಲಿ, ತಮ್ಮದೇ ನಂಬರಿನಿಂದ ಕಳಿಸಿದವರು. ಎರಡನೆಯ ಬಗೆಯಲ್ಲಿ ಹೇಳಿದ ಮಾತು ನಿಜವೂ ಇರಬಹುದು, ಹೇಳುವವನೇ ಸುಳ್ಳು. ಟೆಕ್ಸಾಸಿನ ದೇಶಭಕ್ತನಂತೆ ಬರೆಯುವವನು ರಷ್ಯಾದ ಕಚೇರಿಯೊಂದರ ನೌಕರ. ನೂರು ಹೆಸರುಗಳಲ್ಲಿ ಒಬ್ಬ ನಾಯಕನನ್ನು ಹೊಗಳುವವರು ಸಂಬಳಕ್ಕೆ ಕೂತ ಮೂರೋ ನಾಲ್ಕೋ ಮಂದಿ.

ಈ ಎರಡನೆಯದನ್ನು ಫೇಸ್‌ಬುಕ್ ಕಂಪನಿ 2018ರಿಂದ ‘ಸಂಘಟಿತ ಕಪಟ ವರ್ತನೆ’ ಎಂಬ ಶೀರ್ಷಿಕೆಯಡಿ ತೆಗೆದುಹಾಕುತ್ತ ಬಂದಿದೆ. ಇದರ ತನಿಖೆ ಮಾಡುವವರು ಪೋಸ್ಟಿನಲ್ಲಿ ಬರೆದದ್ದು ಸರಿಯೋ ತಪ್ಪೋ ಎಂದು ಮೊದಲು ನೋಡುವುದಿಲ್ಲ. ಅದು ಫ್ಯಾಕ್ಟ್‌ಚೆಕ್ ಮಾಡುವವರ ಕೆಲಸ. ಖಾತೆಗಳ ಹಿಂದೆ ಯಾರಿದ್ದಾರೆ, ಅವು ಒಟ್ಟಾಗಿ ಹೇಗೆ ನಡೆದುಕೊಳ್ಳುತ್ತವೆ ಎಂಬುದು ಇವರಿಗೆ ಮುಖ್ಯ. ಏನು ಹೇಳುತ್ತವೆ ಎಂಬುದರ ಸರದಿ ಆಮೇಲೆ. ಸೋಗಿನ ಖಾತೆ ನಡೆಸುವುದು ದಿನನಿತ್ಯದ ದುಡಿಮೆ. ಅದಕ್ಕೆ ಪಾಳಿ ಬೇಕು, ದಿನಕ್ಕಿಷ್ಟು ಎಂಬ ಗುರಿ ಬೇಕು, ಸಂಬಳ ಕೊಡುವ ಧಣಿ ಬೇಕು, ಲೆಕ್ಕ ಬರೆಯುವವರೂ ಬೇಕು. ದುಡಿಮೆ ಇದ್ದಲ್ಲಿ ಕಡತ ಇರುತ್ತದೆ, ಬೇಸರ ಇರುತ್ತದೆ, ಕಳ್ಳಬಿದ್ದ ಕೆಲಸವೂ ಇರುತ್ತದೆ. ಸೋಗಿನ ಖಾತೆಗಳು ಸಿಕ್ಕಿಬಿದ್ದಿರುವುದು ಬಹುಮಟ್ಟಿಗೆ ಇವುಗಳಿಂದಲೇ.

ಇಂಥ ಕಚೇರಿಗಳಲ್ಲಿ ಅತಿ ಹೆಚ್ಚು ದಾಖಲೆ ಸಿಕ್ಕಿರುವುದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ‘ಇಂಟರ್ನೆಟ್ ರಿಸರ್ಚ್ ಏಜೆನ್ಸಿ’ಯ ಬಗ್ಗೆ. 2013ರಲ್ಲಿ ಶುರುವಾದ ಇದಕ್ಕೆ ಹಣ ಹಾಕಿದವನು ಎವ್ಗೆನಿ ಪ್ರಿಗೋಜಿನ್. ಕ್ರೆಮ್ಲಿನ್‌ಗೆ ಊಟ ಒದಗಿಸುವ ಗುತ್ತಿಗೆಗಳಿಂದ ಬೆಳೆದು, ‘ವಾಗ್ನರ್’ ಎಂಬ ಖಾಸಗಿ ಸೇನೆ ಕಟ್ಟಿ, 2023ರ ಆಗಸ್ಟ್‌ನಲ್ಲಿ ವಿಮಾನ ಪತನದಲ್ಲಿ ಸತ್ತವನು. ವರ್ಷಗಟ್ಟಲೆ ಅಲ್ಲಗಳೆಯುತ್ತ ಬಂದು, ಸಾಯುವ ಆರು ತಿಂಗಳ ಮುಂಚೆ ಏಜೆನ್ಸಿ ತನ್ನದೇ ಕೂಸು ಎಂದು ಒಪ್ಪಿಕೊಂಡ. ಸಾವುಷ್ಕಿನಾ ಬೀದಿಯ 55ನೇ ನಂಬರಿನ ಕಟ್ಟಡದಲ್ಲಿ ನೂರಾರು ಜನ ಪಾಳಿಯಲ್ಲಿ ಕೂತು ಬರೆಯುತ್ತಿದ್ದರು.

ಒಳಗೆ ಏನು ನಡೆಯುತ್ತದೆಂದು ತಿಳಿಯಲೆಂದೇ ಲುದ್ಮಿಲಾ ಸಾವ್ಚುಕ್ ಎಂಬ ಕಾರ್ಯಕರ್ತೆ 2015ರ ಆರಂಭದಲ್ಲಿ ಅಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳಿದ್ದರು. ಹನ್ನೆರಡು ಗಂಟೆಗಳ ಪಾಳಿ. ತಿಂಗಳಿಗೆ 41,000 ರೂಬಲ್ ಸಂಬಳ, ಆ ಊರಿನ ಮಟ್ಟಿಗೆ ಒಳ್ಳೆಯ ಮೊತ್ತ. ಅವರ ಪಾಲಿಗೆ ಬಂದ ಪಾತ್ರಗಳಲ್ಲಿ ಒಂದು ‘ಕಾಂತಾದೋರಾ’ ಎಂಬ ಭವಿಷ್ಯ ಹೇಳುವ ಹೆಂಗಸಿನದು. ಆಕೆ ಗಂಡ ಹೆಂಡಿರ ವಿರಸ, ತೂಕ ಇಳಿಸುವ ಬಗೆ, ಮನೆಯ ವಾಸ್ತು ಇತ್ಯಾದಿ ಬರೆಯುತ್ತಿದ್ದಳು. ನಡುನಡುವೆ ಒಂದು ದಿನ ಪುಟಿನ್ ಎಷ್ಟು ಬಲಶಾಲಿ, ಉಕ್ರೇನ್ ಎಷ್ಟು ದುಷ್ಟ ಎಂಬುದೂ ಕಣಿಯಲ್ಲಿ ಬರುತ್ತಿತ್ತು. ಈ ಕೆಲಸದ ಮರ್ಮ ಇಲ್ಲೇ ಇದೆ. ದಿನವಿಡೀ ರಾಜಕೀಯ ಮಾತಾಡುವ ಖಾತೆಯನ್ನು ಓದುಗ ಅನುಮಾನದಿಂದ ನೋಡುತ್ತಾನೆ; ಹತ್ತು ಸಲ ಮನೆವಾರ್ತೆ ಹೇಳಿ ಹನ್ನೊಂದನೆಯ ಸಲ ರಾಜಕೀಯ ಹೇಳಿದವರನ್ನು ನಂಬುತ್ತಾನೆ. ಹೊರಬಂದ ಸಾವ್ಚುಕ್ ಪತ್ರಿಕೆಗಳಿಗೆ ಎಲ್ಲವನ್ನೂ ಹೇಳಿದರು, ಏಜೆನ್ಸಿಯ ಮೇಲೆ ದಾವೆಯನ್ನೂ ಹೂಡಿದರು. ನ್ಯಾಯಾಲಯದಲ್ಲಿ ಅವರಿಗೆ ದಕ್ಕಿದ ಪರಿಹಾರ ಒಂದು ರೂಬಲ್.

ಅಷ್ಟರಲ್ಲಿ ಕಚೇರಿ ಅಮೆರಿಕದ ಕಡೆಗೂ ಕೈ ಚಾಚಿತ್ತು. 2014ರ ಸೆಪ್ಟೆಂಬರ್ 11ರಂದು ಲೂಯಿಸಿಯಾನ ರಾಜ್ಯದ ಸೇಂಟ್ ಮೇರಿ ಪ್ರದೇಶದ ಕೆಲವರ ಮೊಬೈಲಿಗೆ ವಿಷಾನಿಲ ಹರಡಿದೆ ಎಂಬ ಸಂದೇಶ ಬಂತು. ಟ್ವಿಟರ್‌ನಲ್ಲಿ ನೂರಾರು ಖಾತೆಗಳು ‘ಕೊಲಂಬಿಯನ್ ಕೆಮಿಕಲ್ಸ್’ ಕಾರ್ಖಾನೆಯಲ್ಲಿ ಸ್ಫೋಟವಾಗಿದೆ ಎಂದು ಕೂಗಿದವು. ಸಿಎನ್‌ಎನ್ ಮುಖಪುಟದ ನಕಲಿ ಚಿತ್ರ, ಉಗ್ರರು ಹೊಣೆ ಹೊತ್ತ ವಿಡಿಯೊ, ವಿಕಿಪೀಡಿಯ ಪುಟ ಎಲ್ಲವೂ ತಯಾರಿದ್ದವು. ಸ್ಫೋಟ ಮಾತ್ರ ಆಗಿರಲಿಲ್ಲ. ಕಾರ್ಖಾನೆಯ ಹೇಳಿಕೆ ಹೊರಬಿದ್ದೊಡನೆ ಗುಲ್ಲು ಅಡಗಿತು. ಅದನ್ನು ಬೆನ್ನುಹತ್ತಿದ ಪತ್ರಕರ್ತ ಆಡ್ರಿಯನ್ ಚೆನ್ 2015ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಭಾನುವಾರದ ಮ್ಯಾಗಜೀನ್‌ನಲ್ಲಿ ಸಾವುಷ್ಕಿನಾ ಬೀದಿಯ ಕಥೆಯನ್ನು ವಿವರವಾಗಿ ಬರೆದರು. ಅಂದರೆ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಹದಿನೇಳು ತಿಂಗಳ ಮುಂಚೆಯೇ ವಿಷಯ ಅಚ್ಚಾಗಿತ್ತು. ಕಂಪನಿಗಳು ಕಣ್ಣು ಬಿಡಲಿಲ್ಲ. 2016ರ ನವೆಂಬರ್‌ನಲ್ಲಿ, ಟ್ರಂಪ್ ಗೆದ್ದ ಎರಡೇ ದಿನಕ್ಕೆ, ಫೇಸ್‌ಬುಕ್‌ನ ಸುಳ್ಳು ಸುದ್ದಿ ಚುನಾವಣೆಯ ಮೇಲೆ ಪರಿಣಾಮ ಬೀರಿತೆನ್ನುವುದು ಹುಚ್ಚು ಕಲ್ಪನೆ ಎಂದು ಕಂಪನಿಯ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಹೇಳಿಬಿಟ್ಟರು. ಮರುವರ್ಷ ಆ ಮಾತಿಗೆ ವಿಷಾದಿಸಿದರು.

ರಷ್ಯಾದ ಖಾತೆಗಳ ಬಗ್ಗೆ ಫೇಸ್‌ಬುಕ್ ಕಂಪನಿಯೇ ಲೆಕ್ಕ ಕೊಟ್ಟದ್ದು 2017ರ ಸೆಪ್ಟೆಂಬರ್ 6ರಂದು: ಸುಮಾರು 470 ನಕಲಿ ಖಾತೆ ಮತ್ತು ಪುಟಗಳು, ಸುಮಾರು 3,000 ಜಾಹೀರಾತುಗಳು, ಅವಕ್ಕೆ ತೆತ್ತ ಸುಮಾರು ಒಂದು ಲಕ್ಷ ಡಾಲರ್. ಕೆಲವು ಜಾಹೀರಾತುಗಳಿಗೆ ಹಣ ಪಾವತಿಯಾದದ್ದು ರೂಬಲ್‌ನಲ್ಲಿ. ಅಮೆರಿಕದ ರಾಜಕೀಯದ ಜಾಹೀರಾತಿಗೆ ರೂಬಲ್ ಬಂದಾಗಲೂ ಅನುಮಾನ ಬರಲಿಲ್ಲವೇ ಎಂದು ಸೆನೆಟರ್ ಆಲ್ ಫ್ರಾಂಕೆನ್ ಫೇಸ್‌ಬುಕ್ ವಕೀಲರನ್ನು ವಿಚಾರಣೆಯಲ್ಲಿ ಜಾಡಿಸಿದರು. ನಿಜವಾದ ಹರಡುವಿಕೆ ಜಾಹೀರಾತಿನದಲ್ಲ, ಪುಕ್ಕಟೆ ಪೋಸ್ಟುಗಳದು, ಅವು 12.6 ಕೋಟಿ ಜನರ ಕಣ್ಣಿಗೆ ಬಿದ್ದಿರಬಹುದು ಎಂದು ಕಂಪನಿ ಆಮೇಲೆ ತಿಳಿಸಿತು. ಟ್ವಿಟರ್ ಏಜೆನ್ಸಿಗೆ ಸೇರಿದ 3,814 ಖಾತೆಗಳನ್ನು ಗುರುತಿಸಿತು.

ಖಾತೆಗಳ ಒಳಮನೆಯನ್ನು ಜಗತ್ತಿಗೆ ತೋರಿಸಿದ್ದು 2018ರ ಫೆಬ್ರುವರಿ 16ರಂದು ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ ಅವರ ತಂಡ ಹದಿಮೂರು ರಷ್ಯನ್ನರು ಮತ್ತು ಮೂರು ಸಂಸ್ಥೆಗಳ ಮೇಲೆ ಹೊರಿಸಿದ ದೋಷಾರೋಪ ಪಟ್ಟಿ. ಇಂಥ ತನಿಖೆಯ ಪಠ್ಯಪುಸ್ತಕ ಎನ್ನುವಷ್ಟು ಒಳ್ಳೆಯ ಓದು ಅದು. 2014ರ ಜೂನ್‌ನಲ್ಲಿ ಇಬ್ಬರು ಮಹಿಳಾ ನೌಕರರು ಅಮೆರಿಕದ ಒಂಬತ್ತು ರಾಜ್ಯಗಳನ್ನು ಸುತ್ತಿ ಮಾಹಿತಿ ಕಲೆಹಾಕಿದ್ದರು. ನೌಕರರಿಗೆ ಅಮೆರಿಕದ ಸಮಯಕ್ಕೆ ಹೊಂದುವಂತೆ ಹಗಲು ಪಾಳಿ, ರಾತ್ರಿ ಪಾಳಿ ಇದ್ದವು. ಯಾವ ದಿನ ಯಾವ ಹಬ್ಬ ಎಂದು ಅಲ್ಲಿನ ರಜೆಗಳ ಪಟ್ಟಿ ಹಂಚಲಾಗುತ್ತಿತ್ತು. ಅಮೆರಿಕದ ಸರ್ವರ್‌ಗಳನ್ನು ಬಾಡಿಗೆಗೆ ಪಡೆದು ಅವುಗಳ ಮೂಲಕ ಜಾಲತಾಣ ಪ್ರವೇಶಿಸುತ್ತಿದ್ದರು. ನಿಜವಾದ ಅಮೆರಿಕನ್ನರ ಕದ್ದ ಗುರುತಿನ ಸಂಖ್ಯೆಗಳಲ್ಲಿ ಪೇಪಾಲ್ ಮತ್ತು ಬ್ಯಾಂಕ್ ಖಾತೆ ತೆರೆದಿದ್ದರು. ‘ಸೆಕ್ಯೂರ್ಡ್ ಬಾರ್ಡರ್ಸ್’ ಎಂಬ ಫೇಸ್‌ಬುಕ್ ಗುಂಪು ನಡೆಸುತ್ತಿದ್ದ ನೌಕರನಿಗೆ 2016ರ ಸೆಪ್ಟೆಂಬರ್‌ನಲ್ಲಿ ಮೇಲಿನವರಿಂದ ಛೀಮಾರಿ ಬಿತ್ತು. ಹಿಲರಿ ಕ್ಲಿಂಟನ್ ವಿರುದ್ಧದ ಪೋಸ್ಟುಗಳು ಸಾಲದು, ಹೆಚ್ಚಿಸು ಎಂದು. ಟಾರ್ಗೆಟ್ ಮುಟ್ಟದವನನ್ನು ಯಾವ ಕಂಪನಿಯ ಮ್ಯಾನೇಜರ್ ಆದರೂ ಗದರುವ ಧಾಟಿಯೇ ಅದು.

ಅದೇ ದಾಖಲೆಯಲ್ಲಿ ಒಂದು ವಿಚಿತ್ರ ಪ್ರಸಂಗವಿದೆ. 2016ರ ಮೇ 29ರಂದು, ಏಜೆನ್ಸಿಯ ಸೋಗಿನ ಖಾತೆಯೊಂದರ ಮಾತು ನಂಬಿದ ಅಮೆರಿಕದ ಪ್ರಜೆಯೊಬ್ಬ ಶ್ವೇತಭವನದ ಎದುರು ಫಲಕ ಹಿಡಿದು ನಿಂತ. ಅದರಲ್ಲಿದ್ದದ್ದು ಪ್ರೀತಿಯ ಬಾಸ್‌ಗೆ 55ನೇ ಹುಟ್ಟುಹಬ್ಬದ ಶುಭಾಶಯ. ಪ್ರಿಗೋಜಿನ್ ಹುಟ್ಟಿದ್ದು 1961ರ ಜೂನ್ 1ರಂದು. ಧಣಿಯನ್ನು ಮೆಚ್ಚಿಸುವ ಚಪಲಕ್ಕೆ ನೌಕರರು ತಮ್ಮ ಗುಟ್ಟಿಗೆ ತಾವೇ ಮೊಹರು ಒತ್ತಿದ್ದರು.

ಜನರನ್ನು ಬೀದಿಗಿಳಿಸುವುದೂ ಅವರಿಗೆ ಕಷ್ಟವಾಗಲಿಲ್ಲ. ‘ಹಾರ್ಟ್ ಆಫ್ ಟೆಕ್ಸಾಸ್’ ಎಂಬ ಪುಟಕ್ಕೆ ಎರಡೂವರೆ ಲಕ್ಷ ಅನುಯಾಯಿಗಳಿದ್ದರು. ಟೆಕ್ಸಾಸ್ ಅಭಿಮಾನ, ಬಂದೂಕಿನ ಹಕ್ಕು, ವಲಸೆ ವಿರೋಧ ಅದರ ಸರಕು. ‘ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ’ ಎಂಬ ಇನ್ನೊಂದು ಪುಟವನ್ನೂ ನಡೆಸುತ್ತಿದ್ದದ್ದು ಅದೇ ಕಚೇರಿ. 2016ರ ಮೇ 21ರಂದು ಹೂಸ್ಟನ್ ನಗರದ ಇಸ್ಲಾಮಿಕ್ ಕೇಂದ್ರವೊಂದರ ಮುಂದೆ, ಒಂದೇ ಹೊತ್ತಿಗೆ, ಮೊದಲ ಪುಟ ಪ್ರತಿಭಟನೆಗೆ ಕರೆ ಕೊಟ್ಟಿತು, ಎರಡನೆಯದು ಅದರ ವಿರುದ್ಧದ ಪ್ರದರ್ಶನಕ್ಕೆ. ಎರಡೂ ಕಡೆ ಜನ ಬಂದು ರಸ್ತೆಯ ಆಚೆ ಈಚೆ ನಿಂತು ಕೂಗಾಡಿದರು. ಇದಕ್ಕೆ ತಗುಲಿದ ಜಾಹೀರಾತಿನ ಖರ್ಚು ಸುಮಾರು 200 ಡಾಲರ್ ಎಂದು ಸೆನೆಟ್ ಗುಪ್ತಚರ ಸಮಿತಿಯ ಅಧ್ಯಕ್ಷ ರಿಚರ್ಡ್ ಬರ್ ಲೆಕ್ಕ ಹೇಳಿದರು. ಅಂದು ಅಲ್ಲಿ ಸೇರಿದವರ ಸಿಟ್ಟು ಅಸಲಿ. ಕರೆದವರು ಮಾತ್ರ ಅಲ್ಲಿರಲಿಲ್ಲ.

ಇಂಥ ಜಾಲವನ್ನು ಬಿಡಿಸುವಾಗ ಕಂಪನಿಯ ಒಳಗಿರುವವರಿಗೂ ಹೊರಗಿನವರಿಗೂ ಕೈಗೆ ಸಿಗುವ ಎಳೆಗಳು ಬೇರೆ. ಒಳಗಿನವರಿಗೆ ಖಾತೆ ತೆರೆದ ಫೋನ್ ನಂಬರ್, ಲಾಗಿನ್ ಆದ ಸಾಧನ, ಇಂಟರ್ನೆಟ್ ವಿಳಾಸ, ಜಾಹೀರಾತಿಗೆ ಹಣ ಕಟ್ಟಿದ ಕಾರ್ಡ್ ಎಲ್ಲವೂ ಕಾಣುತ್ತದೆ. ಐವತ್ತು ಬೇರೆ ಬೇರೆ ಹೆಸರಿನ ಖಾತೆಗಳು ಒಂದೇ ಮೊಬೈಲಿನಿಂದ ತೆರೆದುಕೊಂಡಿದ್ದರೆ ಹೆಚ್ಚು ಹುಡುಕಬೇಕಿಲ್ಲ. ಒಂದು ಖಾತೆ ಖಚಿತವಾದರೆ ಅದು ನಿರ್ವಹಿಸುವ ಪುಟಗಳು, ಆ ಪುಟಗಳ ಇತರ ನಿರ್ವಾಹಕರು, ಅವರ ಇತರ ಪುಟಗಳು ಎಂದು ಬಲೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ.

ಹೊರಗಿನ ಸಂಶೋಧಕರಿಗೆ ಇದಾವುದೂ ಸಿಗುವುದಿಲ್ಲ. ಅವರು ಬಹಿರಂಗವಾಗಿ ಕಾಣುವುದರಲ್ಲೇ ಕೊಂಕು ಹುಡುಕಬೇಕು. ಖಾತೆಗಳು ಹುಟ್ಟಿದ ದಿನಾಂಕಗಳು ಮೊದಲ ಸುಳಿವು. ಒಂದೇ ವಾರದಲ್ಲಿ ತೆರೆದ ಮುನ್ನೂರು ಖಾತೆಗಳು ಒಂದೇ ವಿಷಯ ಮಾತಾಡುತ್ತಿದ್ದರೆ ಕಾಕತಾಳೀಯ ಎನ್ನುವುದು ಕಷ್ಟ. ಪೋಸ್ಟ್ ಮಾಡುವ ಗಂಟೆಗಳನ್ನು ಪಟ್ಟಿ ಮಾಡಿದರೆ ಬರೆಯುವವರು ಯಾವ ದೇಶದ ಹೊತ್ತಿಗೆ ಊಟಕ್ಕೆ ಏಳುತ್ತಾರೆ, ಯಾವ ದಿನ ರಜೆ ಎಂಬುದು ಹೊರಬೀಳುತ್ತದೆ. ಏಜೆನ್ಸಿ ರಾತ್ರಿ ಪಾಳಿ ಇಟ್ಟದ್ದು ಈ ಕಾರಣಕ್ಕೇ. ಬರಹದ ತಪ್ಪುಗಳೂ ಮಾತಾಡುತ್ತವೆ. ಅಕ್ಷರ ಬಿಡದೆ ಅದೇ ವಾಕ್ಯ, ಅದೇ ಕಾಗುಣಿತದ ತಪ್ಪಿನೊಡನೆ, ಒಂದೇ ನಿಮಿಷದಲ್ಲಿ ಹತ್ತು ಪುಟಗಳಲ್ಲಿ ಬಂದರೆ ನಕಲು ಮಾಡಿ ಅಂಟಿಸಿದವರು ಒಬ್ಬರೇ. ವೆಬ್‌ಸೈಟುಗಳ ಮಟ್ಟಿಗೆ ಇನ್ನೊಂದು ಎಳೆ ಇದೆ: ಎಷ್ಟು ಜನ ಓದಿದರೆಂದು ಎಣಿಸುವ ಗೂಗಲ್ ಅನಲಿಟಿಕ್ಸ್‌ನ ಗುರುತು ಸಂಖ್ಯೆ. ಅದು ಪುಟದ ಮೂಲ ಕೋಡ್‌ನಲ್ಲಿ ಯಾರಿಗಾದರೂ ಕಾಣುತ್ತದೆ. ಪರಸ್ಪರ ಸಂಬಂಧವೇ ಇಲ್ಲದಂತೆ ನಟಿಸುತ್ತಿದ್ದ ಕ್ರೆಮ್ಲಿನ್ ಪರ ತಾಣಗಳು ಒಂದೇ ಸಂಖ್ಯೆ ಬಳಸುತ್ತಿರುವುದನ್ನು 2015ರಲ್ಲೇ ಸಂಶೋಧಕ ಲಾರೆನ್ಸ್ ಅಲೆಕ್ಸಾಂಡರ್ ತೋರಿಸಿಕೊಟ್ಟರು. ಕಂಪ್ಯೂಟರ್ ಜ್ಞಾನಕ್ಕಿಂತ ತಾಳ್ಮೆ ಹೆಚ್ಚು ಬೇಡುವ ಕೆಲಸ ಇದು.

ಮುಖಚಿತ್ರದ ಕಥೆ ಸ್ವಲ್ಪ ಬೇರೆ. ಮೊದಲೆಲ್ಲ ಯಾರದೋ ಫೋಟೊ ಕದಿಯುತ್ತಿದ್ದರು. ಚಿತ್ರ ಹಾಕಿ ಹುಡುಕಿದರೆ ಮೂಲ ಸಿಕ್ಕಿಬಿಡುತ್ತಿತ್ತು. 2019ರ ಹೊತ್ತಿಗೆ ಯಂತ್ರ ಸೃಷ್ಟಿಸಿದ, ಭೂಮಿಯ ಮೇಲೆ ಎಲ್ಲೂ ಇಲ್ಲದ ಮನುಷ್ಯರ ಮುಖಗಳು ಬಂದವು. ಆ ವರ್ಷದ ಡಿಸೆಂಬರ್‌ನಲ್ಲಿ ಫೇಸ್‌ಬುಕ್ ತೆಗೆದುಹಾಕಿದ, ಟ್ರಂಪ್ ಪರ ಪ್ರಚಾರ ಮಾಡುತ್ತಿದ್ದ ದೊಡ್ಡ ಜಾಲವೊಂದರಲ್ಲಿ ಇಂಥ ಮುಖಗಳು ರಾಶಿರಾಶಿಯಾಗಿದ್ದವು. ಆದರೆ ಆ ತಂತ್ರದಲ್ಲಿ ಒಂದು ಐಬಿತ್ತು. ಎಷ್ಟೇ ಚಿತ್ರ ತೆಗೆದರೂ ಕಣ್ಣುಗಳು ಚೌಕಟ್ಟಿನ ಒಂದೇ ಜಾಗದಲ್ಲಿ ಬೀಳುತ್ತಿದ್ದವು. ಐವತ್ತು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿದರೆ ಕಣ್ಣಿನ ಮೇಲೆ ಕಣ್ಣು ಕೂತು, ಉಳಿದದ್ದೆಲ್ಲ ಮಸುಕಾಗುತ್ತಿತ್ತು. ಒಂದು ಕಿವಿಯ ಓಲೆಗೆ ಇನ್ನೊಂದು ಹೊಂದುತ್ತಿರಲಿಲ್ಲ. ಈಗಿನ ತಂತ್ರಗಳಲ್ಲಿ ಆ ಐಬು ಬಹುಪಾಲು ಮಾಯವಾಗಿದೆ.

ಸುದ್ದಿಸಂಸ್ಥೆಯ ಮುಖವಾಡ ಹಾಕುವುದು ಇನ್ನೊಂದು ದಾರಿ. 2018ರ ಕರ್ನಾಟಕ ವಿಧಾನಸಭಾ ಚುನಾವಣೆಗೆ ಮುನ್ನ ಬಿಜೆಪಿಗೆ 135 ಸ್ಥಾನ ಎಂದು ಹೇಳುವ ಸಮೀಕ್ಷೆಯೊಂದು ಬಿಬಿಸಿ ಹೆಸರಿನಲ್ಲಿ ವಾಟ್ಸಾಪ್‌ನಲ್ಲಿ ಓಡಾಡಿತು. ಅದು ತನ್ನದಲ್ಲ ಎಂದು ಬಿಬಿಸಿ ಸ್ಪಷ್ಟೀಕರಣ ಕೊಡಬೇಕಾಯಿತು. 2022ರಲ್ಲಿ ಯುರೋಪಿನ ಸಂಶೋಧಕರು ಬಯಲಿಗೆಳೆದ ‘ಡೋಪಲ್‌ಗ್ಯಾಂಗರ್’ ಜಾಲ ಇದೇ ಕೈಚಳಕವನ್ನು ಪೂರ್ತಿ ವೆಬ್‌ಸೈಟುಗಳಿಗೆ ಹಿಗ್ಗಿಸಿತ್ತು. ಜರ್ಮನಿಯ ‘ಸ್ಪೀಗೆಲ್’, ‘ಬಿಲ್ಡ್’, ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಗಳ ತಾಣಗಳನ್ನು ವಿನ್ಯಾಸ ಸಹಿತ ನಕಲಿಸಿ ಉಕ್ರೇನ್ ವಿರೋಧಿ ಲೇಖನ ತುಂಬಿದ್ದರು. ವಿಳಾಸದ ಕೊನೆಯ ಭಾಗ ಮಾತ್ರ ಬೇರೆ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಇಂಥ 32 ವಿಳಾಸಗಳನ್ನು ವಶಪಡಿಸಿಕೊಂಡಿತು.

ಖಾತೆ ನಕಲಿ ಎಂದು ಹೇಳುವುದು ಒಂದು, ಇಂಥವರದೇ ಎಂದು ಬೊಟ್ಟು ಮಾಡುವುದು ಇನ್ನೊಂದು. ಈ ಎರಡನೆಯದರಲ್ಲಿ ಎಡವಿದವರು ಬಹಳ. ಕೆಲವರು ಬೇಕೆಂದೇ ಎಡವಿಸಿದ್ದಾರೆ. 2017ರ ಡಿಸೆಂಬರ್‌ನಲ್ಲಿ ಅಲಬಾಮ ರಾಜ್ಯದ ಸೆನೆಟ್ ಉಪಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ರಾಯ್ ಮೂರ್ ಅವರನ್ನು ರಷ್ಯಾದ ಖಾತೆಗಳು ಬೆಂಬಲಿಸುತ್ತಿವೆ ಎಂಬ ಸುದ್ದಿ ಹಬ್ಬಿತ್ತು. ಹಾಗೆ ಕಾಣುವಂತೆ ಮಾಡಿದ್ದು ಡೆಮಾಕ್ರಟಿಕ್ ಪಕ್ಷದ ಪರ ಇದ್ದ ಅಮೆರಿಕನ್ನರ ಒಂದು ಗುಂಪು ಎಂದು ಮರುವರ್ಷ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಅದರಲ್ಲಿ ಪಾಲ್ಗೊಂಡಿದ್ದ ‘ನ್ಯೂ ನಾಲೆಜ್’ ಸಂಸ್ಥೆ, ರಷ್ಯಾದ ಖಾತೆಗಳ ಬಗ್ಗೆ ಸೆನೆಟ್ ಸಮಿತಿಗೆ ವರದಿ ಬರೆದುಕೊಟ್ಟ ಸಂಸ್ಥೆಯೇ! ಹಣ ಕೊಟ್ಟಿದ್ದ ಉದ್ಯಮಿ ರೀಡ್ ಹಾಫ್‌ಮನ್ ಕ್ಷಮೆ ಕೇಳಿದರು. ಸರ್ಕಾರಗಳ ಪೈಕಿ ರಷ್ಯಾ ಒಂದೇ ಈ ಆಟ ಆಡುತ್ತದೆ ಎನ್ನುವುದೂ ಭ್ರಮೆ. ಕೋವಿಡ್ ಕಾಲದಲ್ಲಿ ಫಿಲಿಪ್ಪೀನ್ಸ್‌ನ ಜನರಲ್ಲಿ ಚೀನಾದ ಲಸಿಕೆಯ ಬಗ್ಗೆ ಅಪನಂಬಿಕೆ ಬಿತ್ತಲು ಅಮೆರಿಕದ ಸೇನೆಯೇ ನಕಲಿ ಖಾತೆಗಳನ್ನು ನಡೆಸಿತ್ತೆಂದು 2024ರಲ್ಲಿ ರಾಯಿಟರ್ಸ್ ಬಹಿರಂಗಪಡಿಸಿತು.

ಭಾರತದಲ್ಲಿ ಇದು ದೊಡ್ಡ ಸುದ್ದಿಯಾದದ್ದು 2019ರ ಏಪ್ರಿಲ್ 1ರಂದು, ಲೋಕಸಭಾ ಚುನಾವಣೆಗೆ ಹತ್ತು ದಿನ ಇರುವಾಗ. ಕಾಂಗ್ರೆಸ್ ಐಟಿ ಸೆಲ್‌ಗೆ ಸಂಬಂಧಪಟ್ಟ ವ್ಯಕ್ತಿಗಳದೆಂದು 687 ಪುಟ ಮತ್ತು ಖಾತೆಗಳನ್ನು ಫೇಸ್‌ಬುಕ್ ತೆಗೆದುಹಾಕಿತು. ‘ಸಿಲ್ವರ್ ಟಚ್’ ಎಂಬ ಐಟಿ ಕಂಪನಿಗೆ ಸಂಬಂಧಿಸಿದ ವ್ಯಕ್ತಿಗಳದೆಂದು 15, ಪಾಕಿಸ್ತಾನ ಸೇನೆಯ ಪ್ರಚಾರ ವಿಭಾಗದ ನೌಕರರದೆಂದು 103 ಪುಟ, ಗುಂಪು, ಖಾತೆಗಳೂ ಹೋದವು. ಕಾಂಗ್ರೆಸ್ ತನ್ನ ಅಧಿಕೃತ ಪುಟಗಳಾವುವೂ ಹೋಗಿಲ್ಲ ಎಂದಿತು. ಟಿವಿ ಚರ್ಚೆಗಳಲ್ಲಿ 687 ಮತ್ತು 15ರ ಹೋಲಿಕೆಯದೇ ಗದ್ದಲ. ಯಾರೂ ಫೇಸ್‌ಬುಕ್ ಹೇಳಿಕೆಯನ್ನು ಮುಂದಕ್ಕೆ ಓದಿದಂತಿರಲಿಲ್ಲ. ಆ 687ಕ್ಕೆ ಇದ್ದ ಅನುಯಾಯಿಗಳು ಸುಮಾರು ಎರಡು ಲಕ್ಷ. ಬಿಜೆಪಿ ಪರ ಬರೆಯುತ್ತಿದ್ದ ಆ 15ಕ್ಕೆ ಸುಮಾರು 26 ಲಕ್ಷ. ನಕಲಿ ಖಾತೆಗಳ ವರದಿ ಓದುವಾಗ ಸಂಖ್ಯೆಗಿಂತ ವ್ಯಾಪ್ತಿ ನೋಡಬೇಕೆನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಕಂಪನಿಗಳು ಎಲ್ಲ ಜಾಲಗಳನ್ನೂ ಇಷ್ಟೇ ಚುರುಕಾಗಿ ಹಿಡಿಯುವುದಿಲ್ಲ. ಫೇಸ್‌ಬುಕ್‌ನಲ್ಲಿ ಡೇಟಾ ವಿಜ್ಞಾನಿಯಾಗಿದ್ದ ಸೋಫೀ ಜಾಂಗ್ 2018ರಲ್ಲಿ ಮಧ್ಯ ಅಮೆರಿಕದ ಹೊಂಡುರಾಸ್ ದೇಶದ ಅಧ್ಯಕ್ಷರ ಪೋಸ್ಟುಗಳಿಗೆ ಬೀಳುತ್ತಿದ್ದ ಲೈಕುಗಳಲ್ಲಿ ಒಂದು ಉಪಾಯ ಪತ್ತೆಹಚ್ಚಿದರು. ಒಬ್ಬ ವ್ಯಕ್ತಿಗೆ ಒಂದೇ ಖಾತೆ ಎಂಬ ನಿಯಮ ಇದೆ, ಆದರೆ ಒಂದು ಖಾತೆಯಿಂದ ಎಷ್ಟು ಪುಟಗಳನ್ನಾದರೂ ತೆರೆಯಬಹುದು. ಅಂಗಡಿ, ಸಂಘಗಳಿಗೆಂದು ಇರುವ ಪುಟಗಳಿಗೆ ಮನುಷ್ಯರ ಹೆಸರು, ಫೋಟೊ ಇಟ್ಟು ಅವುಗಳಿಂದ ಲೈಕ್ ಒತ್ತಿಸುತ್ತಿದ್ದರು. ಅಧ್ಯಕ್ಷರ ಅಧಿಕೃತ ಪುಟದ ನಿರ್ವಾಹಕರೇ ನೂರಾರು ಇಂಥ ಪುಟಗಳನ್ನೂ ನೋಡಿಕೊಳ್ಳುತ್ತಿದ್ದರು. ಇಷ್ಟು ಬಿಚ್ಚಾಗಿದ್ದ ಜಾಲವನ್ನು ತೆಗೆಸಲು ಜಾಂಗ್ ಅವರಿಗೆ ಸುಮಾರು ಒಂದು ವರ್ಷ ಹಿಡಿಯಿತು. ದೊಡ್ಡ ದೇಶಗಳ ಪತ್ರಿಕೆಗಳಲ್ಲಿ ಸುದ್ದಿಯಾಗದ ಊರಿನ ಉಸಾಬರಿ ಕಂಪನಿಗೆ ಬೇಕಿರಲಿಲ್ಲ ಎಂಬುದು ಅವರ ಆರೋಪ.

ಇಷ್ಟೆಲ್ಲ ಮಾಡಿ ಮತದಾರನ ಮನಸ್ಸು ಬದಲಾಗುತ್ತದೆಯೇ? 2023ರ ಜನವರಿಯಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ 2016ರ ಟ್ವಿಟರ್ ಬಳಕೆದಾರರನ್ನು ಪರಿಶೀಲಿಸಿತ್ತು. ಏಜೆನ್ಸಿಯ ಟ್ವೀಟುಗಳನ್ನು ಕಂಡದ್ದರಲ್ಲಿ ಶೇ 70ರಷ್ಟು ಪಾಲು ಶೇ 1ರಷ್ಟು ಜನರದು. ಅವರಲ್ಲೂ ಮೊದಲೇ ಗಟ್ಟಿ ರಿಪಬ್ಲಿಕನ್ನರಾಗಿದ್ದವರೇ ಹೆಚ್ಚು. ನಿಲುವು ಅಥವಾ ಮತ ಬದಲಾದ ಕುರುಹು ಸಿಗಲಿಲ್ಲ. ಅಧ್ಯಯನ ಟ್ವಿಟರಿಗೆ ಮಾತ್ರ ಸೀಮಿತ, ಫೇಸ್‌ಬುಕ್ ಅದರಲ್ಲಿಲ್ಲ. ಹಾಗಿದ್ದರೂ ‘ರಷ್ಯಾದ ಖಾತೆಗಳೇ ಟ್ರಂಪ್‌ರನ್ನು ಗೆಲ್ಲಿಸಿದವು’ ಎಂಬ ಸರಳ ಮಾತಿಗೆ ಅದು ಒಳ್ಳೆಯ ಲಗಾಮು. ಏಜೆನ್ಸಿಗೂ ತನ್ನ ಬಗೆಗಿನ ಭಯದ ಬೆಲೆ ಗೊತ್ತಿತ್ತು. 2018ರ ಮಧ್ಯಂತರ ಚುನಾವಣೆಯ ಹೊತ್ತಿಗೆ ಅದರ ಹೆಸರಿನ ವೆಬ್‌ಸೈಟೊಂದು, ಅಮೆರಿಕದ ಚುನಾವಣೆ ತನ್ನ ಹಿಡಿತದಲ್ಲಿದೆ ಎಂದು ಬಡಾಯಿ ಕೊಚ್ಚಿ ಖಾತೆಗಳ ಪಟ್ಟಿ ಹಾಕಿತು. ಪಟ್ಟಿಯಲ್ಲಿದ್ದ ಹೆಚ್ಚಿನವು ಆಗಲೇ ರದ್ದಾಗಿದ್ದವು.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಬರೆಯುವ ಗುಮಾಸ್ತರ ಸಂಖ್ಯೆ ಕಡಿಮೆಯಾಗುತ್ತಿದೆ. 2024ರ ಮೇ ತಿಂಗಳಲ್ಲಿ ಓಪನ್‌ಎಐ ಕಂಪನಿ ತನ್ನ ಸೇವೆ ದುರ್ಬಳಕೆ ಮಾಡಿದ ಐದು ಜಾಲಗಳ ವಿವರ ಪ್ರಕಟಿಸಿತು. ಅದರಲ್ಲಿ ‘ಸ್ಟೋಯಿಕ್’ ಎಂಬ ಇಸ್ರೇಲಿ ಸಂಸ್ಥೆ ಭಾರತದ ಲೋಕಸಭಾ ಚುನಾವಣೆಯ ನಡುವೆ ಬಿಜೆಪಿಯನ್ನು ಟೀಕಿಸಿ ಕಾಂಗ್ರೆಸ್ಸನ್ನು ಹೊಗಳುವ ಪ್ರತಿಕ್ರಿಯೆಗಳನ್ನು ತಯಾರಿಸಲು ಶುರುಮಾಡಿದ್ದೂ ಸೇರಿತ್ತು. ಇಪ್ಪತ್ನಾಲ್ಕು ಗಂಟೆಯೊಳಗೆ ತಡೆದೆವು, ಜನ ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ ಎಂದಿತು ಕಂಪನಿ. ಹಳೆಯ ಸೋಮಾರಿತನ ಮಾತ್ರ ಹಾಗೇ ಇದೆ. ರಷ್ಯಾದ ಒಂದು ಜಾಲದವರು, ‘ಇಂಥದನ್ನು ಬರೆಯಲಾರೆ’ ಎಂದು ಯಂತ್ರ ಕೊಟ್ಟ ನಿರಾಕರಣೆಯನ್ನೂ ಓದಿ ನೋಡದೆ ಪೋಸ್ಟ್ ಮಾಡಿಬಿಟ್ಟಿದ್ದರು.

ಹೊರಗಿನಿಂದ ನೋಡುವವರ ಕಿಟಕಿಗಳು ಈ ನಡುವೆ ಒಂದೊಂದಾಗಿ ಮುಚ್ಚಿವೆ. ಸಂಶೋಧಕರಿಗೆ ಪುಕ್ಕಟೆಯಾಗಿ ಸಿಗುತ್ತಿದ್ದ ಟ್ವಿಟರ್ ದತ್ತಾಂಶ 2023ರಲ್ಲಿ ನಿಂತಿತು. ಫೇಸ್‌ಬುಕ್ ಪುಟಗಳ ಮೇಲೆ ಕಣ್ಣಿಡಲು ಪತ್ರಕರ್ತರು ಬಳಸುತ್ತಿದ್ದ ‘ಕ್ರೌಡ್‌ಟ್ಯಾಂಗಲ್’ ಅನ್ನು ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ 2024ರ ಆಗಸ್ಟ್ 14ರಂದು ಮುಚ್ಚಿತು. ಇಂಥ ಜಾಲಗಳ ಬಗ್ಗೆ ಹತ್ತಾರು ವರದಿ ಬರೆದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಂಟರ್ನೆಟ್ ಅಬ್ಸರ್ವೇಟರಿ ಅದೇ ವರ್ಷ ಮೊಕದ್ದಮೆ, ರಾಜಕೀಯ ಒತ್ತಡಗಳ ನಡುವೆ ಬಹುಪಾಲು ಕರಗಿತು. ಯುರೋಪಿನ ‘ಡಿಜಿಟಲ್ ಸರ್ವೀಸಸ್ ಆ್ಯಕ್ಟ್’ ದೊಡ್ಡ ಜಾಲತಾಣಗಳು ಸಂಶೋಧಕರಿಗೆ ದತ್ತಾಂಶ ಒದಗಿಸಬೇಕೆಂದು ಕಟ್ಟಳೆ ಮಾಡಿದೆ. ಭಾರತದಲ್ಲಿ ಅಂಥ ಕಾನೂನು ಇಲ್ಲ. ಇಲ್ಲಿನ ಚುನಾವಣೆಗಳ ಸೋಗಿನ ಖಾತೆಗಳ ಬಗ್ಗೆ ಜನರಿಗೆ ತಿಳಿಯುವುದರಲ್ಲಿ ಹೆಚ್ಚಿನದು ಕಂಪನಿಗಳು ತಾವಾಗಿ ಹೇಳಿದಷ್ಟೇ.